ಜಾಹೀರಾತಿಗೆ ಬಾಣ ಅಂಟಿಸುತ್ತಿದ್ದ ಓನರಮ್ಮ

ಮೊನ್ನೆ ನಾನಿರುವ ಒಂದು ಗುಂಪಿನಲ್ಲಿ ಯಾರೋ ಪುಣ್ಯಾತ್ಮರು ಗೋಳು ತೋಡಿಕೊಂಡಿದ್ದರು. ಮನೆಯ ನೆಟ್‌ವರ್ಕಿಗೆ ಜಾಹೀರಾತು ತಡೆಯುವ ಪುಟ್ಟ ಡಬ್ಬಿ ಹಾಕಿಸಿದರಂತೆ. ಜಾಹೀರಾತೇನೋ ಹೋಯಿತು, ಅದರ ಜೊತೆಗೆ ಅರ್ಧ ಇಂಟರ್ನೆಟ್ಟೂ ಹೋಯಿತು. ಹೆಂಡತಿ ನೋಡುವ ಸೀರೆ ಅಂಗಡಿ ತೆರೆಯುತ್ತಿಲ್ಲ, ಮಗನ ಪಾಠ ತೆರೆಯುತ್ತಿಲ್ಲ, ಮನೆಯವರೆಲ್ಲ ಸೇರಿ ತನ್ನ ತಲೆ ತಿನ್ನುತ್ತಿದ್ದಾರೆ, ಏನು ಮಾಡಲಿ ಅಂತ ಪ್ರಶ್ನೆ. ಕೆಳಗೆ ಉಪದೇಶವೋ ಉಪದೇಶ. ಅದನ್ನು ಕಿತ್ತು ಬಿಸಾಕು ಅಂತ ಒಬ್ಬರು, ಹೆಂಡತಿಗೆ ಬುದ್ಧಿ ಹೇಳು ಅಂತ ಇನ್ನೊಬ್ಬರು.

ನಾನೂ ಏನೋ ಬರೆಯಲು ಹೊರಟವನು ಸುಮ್ಮನೆ ನಿಂತುಬಿಟ್ಟೆ. ಬಾಯಿಗೆ ಬಂದದ್ದು ನನ್ನ ಮಾತಲ್ಲ. 'ಮೊದ್ಲು ಲೈಟ್ ಹಾಕು, ಅಪ್ಪುರಂ ಬಯ್ಯಿ.' ಅಂದರೆ ಮೊದಲು ಬೆಳಕಿನಲ್ಲಿ ನೋಡು, ಬೈಯುವುದು ಆಮೇಲೆ. ಇದು ತಿರುಪ್ಪೂರಿನ ನಮ್ಮ ಓನರಮ್ಮನ ಮಾತು. ಅವರು ಹೋದ ವರ್ಷ ತೀರಿಕೊಂಡರು. ಸುದ್ದಿ ನನಗೆ ತಿಳಿದದ್ದು ತಡವಾಗಿ. ಸಾವಿನಿಂದ ಶುರು ಮಾಡಿದ ಅಂತ ಯಾರೂ ಮುಖ ಸಪ್ಪೆ ಮಾಡಿಕೊಳ್ಳಬೇಡಿ. ಆಯಮ್ಮನ ಎದುರಿಗೆ ಸಪ್ಪೆ ಮುಖ ಹಾಕಿಕೊಂಡು ಕೂತರೆ ಮುಖಕ್ಕೂ ಒಂದು ಬಾಣ ಬೀಳುತ್ತಿತ್ತು. ಬಾಣದ ವಿಷಯ ಈಗ ಹೇಳುತ್ತೇನೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನಾನು ಹಾವೇರಿ ಕಡೆಯಿಂದ ಹೋಗಿ ತಿರುಪ್ಪೂರಿನಲ್ಲಿ ಬಿದ್ದಿದ್ದೆ. ಬನಿಯನ್ ಕಾರ್ಖಾನೆಗಳಲ್ಲಿ ಕೇಬಲ್ ಎಳೆಯುವುದು, ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಕೆಲಸ. ತಮಿಳು ಬರುತ್ತಿರಲಿಲ್ಲ. ಬಾಡಿಗೆ ಮನೆ ಹುಡುಕುತ್ತ ಒಂದು ಕಾಂಪೌಂಡಿನ ಗೇಟು ತಟ್ಟಿ, ಬಾಗಿಲಲ್ಲಿ ನಿಂತಿದ್ದ ಐವತ್ತು ದಾಟಿದ ಹೆಂಗಸಿಗೆ ಹರುಕು ತಮಿಳಿನಲ್ಲಿ ನನ್ನ ಕಥೆ ಪೂರ್ತಿ ಹೇಳಿದೆ. ಅವರು ಅಷ್ಟೂ ಕೇಳಿಸಿಕೊಂಡರು. ಆಮೇಲೆ ಅಂದರು: "ಕನ್ನಡದಲ್ಲೇ ಹೇಳು ತಂಬಿ. ನಿನ್ ತಮಿಳು ಕೇಳಕ್ಕಾಗ್ತಿಲ್ಲ."

ಅವರದು ಉಡುಮಲೈಪೇಟೆ ಕಡೆಯ ಒಕ್ಕಲು ಮನೆತನ. ತಾತನ ತಾತನ ಕಾಲದಿಂದ ಅಲ್ಲೇ ಇದ್ದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಮಾತ್ರ ಗೊತ್ತಿಲ್ಲ. ಒಂದು ಸಲ ನಾನು ಕಂಪ್ಯೂಟರಿನಲ್ಲಿ ಕನ್ನಡ ಪೇಪರ್ ತೆರೆದು ಓದುತ್ತಿದ್ದಾಗ ಹಿಂದೆ ನಿಂತು ನೋಡಿ, "ತೆಲುಗು ಯಾವಾಗ ಕಲ್ತೆ?" ಅಂತ ಕೇಳಿದರು. ಇದು ನಮ್ಮದೇ ಅಮ್ಮಾ ಅಂದಾಗ ಕನ್ನಡಕ ಏರಿಸಿಕೊಂಡು ಹತ್ತಿರ ಬಂದು, "ಚೆನ್ನಾಗ್ ಉಂಡುಂಡೆಯಾಗ್ ಐತೆ. ಸೊರಗಿಲ್ಲ," ಅಂತ ಒಪ್ಪಿಗೆ ಕೊಟ್ಟರು.

ಮನೆ ಕೊಡುವ ಮೊದಲು ಕರಾರು ಹೇಳಿದರು. "ನೀರು ದಿನಾ ಬತ್ತದೆ. ಕೋಳಿ ಮೀನು ಏನ್ ಬೇಕಾದ್ರೂ ಬೇಯ್ಸ್ಕೋ. ನೆಟ್ ಐತೆ, ಮೂರ್ ಮನೇಗೂ ಸೇರಿ ಒಂದೇ. ಅದನ್ನ ರಿಪೇರಿ ಮಾಡೋ ಕೆಲ್ಸ ನಿಂದು." ನಾನು ಏನು ಕೆಲಸ ಮಾಡುವವನು ಅಂತ ಕೇಳಿಯೇ ಮನೆ ಕೊಟ್ಟದ್ದು ಅಂತ ಆಗ ಹೊಳೆಯಿತು.

ಓನರಮ್ಮ ಬಹಳ ಕಾಲ ಒಂದು ಬನಿಯನ್ ಕಾರ್ಖಾನೆಯಲ್ಲಿ ಚೆಕಿಂಗ್ ಸೂಪರ್‌ವೈಸರ್ ಆಗಿದ್ದವರು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹೊಲಿದು ಬಂದ ಬನಿಯನ್ನು, ಟೀ ಶರ್ಟು ಎಲ್ಲ ಉದ್ದನೆ ಮೇಜಿನ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಹರಡುತ್ತಾರೆ. ಮುಂದೆ ನೋಡು, ಹಿಂದೆ ನೋಡು, ಒಳಗೆ ತಿರುಗಿಸಿ ನೋಡು. ಎಲ್ಲಿ ಹೊಲಿಗೆ ಬಿಟ್ಟಿದೆಯೋ, ಎಲ್ಲಿ ಎಣ್ಣೆ ಕಲೆ ಇದೆಯೋ, ಅಲ್ಲಿಗೆ ಒಂದು ಪುಟ್ಟ ಕೆಂಪು ಬಾಣದ ಸ್ಟಿಕ್ಕರ್. ಬಾಣದ ಮೂತಿ ತಪ್ಪಿನ ಕಡೆಗೇ ಇರಬೇಕು. ಕೆಲಸ ಬಿಟ್ಟ ಮೇಲೂ ಅವರ ಜಗುಲಿಯಲ್ಲಿ ಅಂಥದೊಂದು ಮೇಜು, ಮೇಲೆ ತಗ್ಗಿಸಿ ಕಟ್ಟಿದ ಟ್ಯೂಬ್‌ಲೈಟು, ಸೊಂಟದ ಚೀಲದಲ್ಲಿ ಬಾಣದ ಹಾಳೆ ಇದ್ದೇ ಇರುತ್ತಿದ್ದವು. ತರಕಾರಿಯವನು ತಂದ ಬದನೆಕಾಯಿಗೆ ಬಾಣ. ಪೇಂಟರ್ ಬಿಟ್ಟುಹೋದ ಗೋಡೆ ಮೂಲೆಗೆ ಬಾಣ. ಒಂದು ದಿನ ಬೆಳಗ್ಗೆ ಗೇಟಿನ ಹತ್ತಿರ ನನ್ನ ಬೆನ್ನು ತಟ್ಟಿ, "ಹೋಗ್ಬಿಟ್ ಬಾ ಕಣ್ಣು," ಅಂದರು. ಕಣ್ಣು ಅಂದರೆ ಅಲ್ಲಿ ಕಂದ, ಚಿನ್ನ ಅಂದ ಹಾಗೆ. ಎಂಥ ಪ್ರೀತಿ ಅಂದುಕೊಂಡು ಸೂಲೂರಿನ ಒಂದು ಮಿಲ್ಲಿಗೆ ಹೋಗಿ ಮ್ಯಾನೇಜರ್ ಎದುರು ಕೂತೆ. ವಾಪಸ್ ಬಂದು ಅಂಗಿ ಬಿಚ್ಚಿದಾಗ ಗೊತ್ತಾಯಿತು, ಬೆನ್ನಿನ ಹರಿದ ಜಾಗಕ್ಕೆ ಸರಿಯಾಗಿ ಮೂತಿ ಇಟ್ಟ ಬಾಣ. ಜಗಳಕ್ಕೆ ಹೋದರೆ, "ಬಾಯ್ ಬಿಟ್ ಹೇಳಿದ್ರೆ ನಾಳೆ ಹೊಲೀತೀನಿ ಅಂತಿದ್ದೆ. ಈಗ್ ನೋಡು, ಇವತ್ತೇ ಸೂಜಿ ಕೇಳಕ್ಕೆ ಬಂದೆ," ಅಂದರು.

ಈಗ ಜಾಹೀರಾತಿನ ವಿಷಯ. ಒಂದು ಭಾನುವಾರ ಅವರ ಅಣ್ಣ ಊರಿಂದ ಬಂದಿದ್ದರು. ಹಣೆ ತುಂಬ ವಿಭೂತಿ ಬಳಿದುಕೊಂಡ ಗಂಭೀರ ಮನುಷ್ಯ. ಕೊಬ್ಬರಿ ಧಾರಣೆ ನೆಟ್ಟಿನಲ್ಲಿ ಬರುತ್ತದಂತಲ್ಲ, ತೋರಿಸು ಅಂದರು. ನಾನು ತೆರೆದೆ. ಕೊಬ್ಬರಿಯ ಮೇಲೆಯೇ ಒಂದು ಕಿಟಕಿ ಹಾರಿ ಬಂದು, ಒಳ ಉಡುಪಿನಲ್ಲಿದ್ದ ಒಬ್ಬಳು ಕುಣಿಯಲು ಶುರು ಮಾಡಿದಳು. ಮುಚ್ಚಿದರೆ ಇನ್ನೊಬ್ಬಳು. ಅಣ್ಣ ಹೆಗಲ ಟವೆಲನ್ನು ಮುಖಕ್ಕೆ ಹಾಕಿಕೊಂಡು "ಮುರುಗಾ, ಮುರುಗಾ" ಅನ್ನುತ್ತಿದ್ದಾರೆ. ನಾನು ಒಂದಾದ ಮೇಲೊಂದು ಕಿಟಕಿ ಮುಚ್ಚುತ್ತಿದ್ದೇನೆ. ಓನರಮ್ಮ ಮಾತ್ರ ಪರದೆಯ ಹತ್ತಿರ ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿ, "ಎಲಾಸ್ಟಿಕ್ ಹೊಲ್ಗೆ ಸರಿಯಿಲ್ಲ. ಇದನ್ನ ಯಾವನ್ ಪಾಸ್ ಮಾಡ್ದ?" ಅಂದರು. ಬಾಣ ತೆಗೆದು ಆ ಹೆಂಗಸಿನ ಸೊಂಟದ ಹತ್ತಿರ ಗಾಜಿಗೆ ಅಂಟಿಸಿಯೂಬಿಟ್ಟರು.

ಅಣ್ಣ ಹೋದ ಮೇಲೆ ನನ್ನನ್ನು ಮೇಜಿನ ಎದುರು ನಿಲ್ಲಿಸಿಕೊಂಡರು. "ನಮ್ಮನೆ ಗೇಟ್ ದಾಟಿ ಇವ್ರೆಲ್ಲ ಒಳಿಕ್ಕೆ ಹೆಂಗ್ ಬಂದ್ರು?"

ಹೇಳಿದೆ. ಕಂಪ್ಯೂಟರಿಗೆ ಒಂದು ಪುಟ ಬೇಕೆಂದರೆ ಹೆಸರು ಇದ್ದರೆ ಸಾಲದು, ಆ ಹೆಸರಿನ ನಂಬರು ಬೇಕು. ನಂಬರು ಹೇಳುವ ಕೆಲಸದವನಿಗೆ ಡಿಎನ್‌ಎಸ್ ಅನ್ನುತ್ತಾರೆ. ಕೊಬ್ಬರಿ ಪುಟ ತೆರೆದಾಗ ಅದು ಒಳಗೊಳಗೇ ಈ ಜಾಹೀರಾತಿನವರ ನಂಬರನ್ನೂ ಕೇಳುತ್ತದೆ. ನಾವೇ ಮನೆಯಲ್ಲೊಂದು ಹಳೆ ಕಂಪ್ಯೂಟರ್ ಕೂರಿಸಿ, ನಂಬರು ಹೇಳುವ ಕೆಲಸ ಅದಕ್ಕೆ ಕೊಟ್ಟು, ಇಂಥವರ ಹೆಸರು ಬಂದಾಗ ಮಾತ್ರ ಸುಳ್ಳು ನಂಬರು ಹೇಳು ಅಂದರೆ ಮುಗಿಯಿತು.

"ಅಂದ್ರೆ ವಿಳಾಸ ಕೇಳ್ಕೊಂಡ್ ಬಂದೋನ್‌ಗೆ, ಅಂಥೋರ್ ಯಾರೂ ಇಲ್ಲಿಲ್ಲ ಅಂತ ಹೇಳ್ಬುಡೋದು."

"ಅಷ್ಟೇ ಅಮ್ಮ."

"ಸುಳ್ ಹೇಳಕ್ಕೆ ಒಂದ್ ಮೆಷಿನ್ನು. ನಂಗೆ ಇಷ್ಟೊರ್ಷ ಬಾಯಲ್ಲೇ ಹೇಳಿ ಹೇಳಿ ಸಾಕಾಗಿತ್ತು. ಹಾಕು."

ಕಾರ್ಖಾನೆಯೊಂದು ಹೊರಗೆಸೆದ ಹಳೆ ಕಂಪ್ಯೂಟರ್ ತಂದು ಅಟ್ಟದ ಮೇಲೆ ಕೂರಿಸಿದೆ. ಮರುದಿನದಿಂದ ಪುಟಗಳೆಲ್ಲ ಗುಡಿಸಿ ಸಾರಿಸಿದ ಹಾಗೆ. ತಪ್ಪಿಸಿಕೊಂಡು ಬಂದ ಜಾಹೀರಾತಿಗೆ ಅವರು ಪರದೆಯ ಮೇಲೆ ಬಾಣ ಅಂಟಿಸಿ ಇಡುತ್ತಿದ್ದರು. ಸಂಜೆ ನಾನು ಬಂದು ನೋಡುವ ಹೊತ್ತಿಗೆ ಪುಟ ಬದಲಾಗಿರುತ್ತಿತ್ತು, ಬಾಣ ಮಾತ್ರ ಖಾಲಿ ಜಾಗವನ್ನೋ, ಯಾವುದೋ ಮಂತ್ರಿಯ ಮೂಗನ್ನೋ ತೋರಿಸುತ್ತ ನಿಂತಿರುತ್ತಿತ್ತು. ಇದಕ್ಕೆ ಬೇಸತ್ತು ಅವರಿಗೇ ಕೆಲಸ ಕಲಿಸಿದೆ. ಜಾಹೀರಾತಿನ ಹೆಸರು ಹೀಗೆ ನೋಡು, ಇಲ್ಲಿ ಬರಿ, ಗುಂಡಿ ಒತ್ತು, ತಡೆ ಬೀಳುತ್ತದೆ. ಬಟ್ಟೆ ಲೇಬಲ್ ನೋಡಿ ನೋಡಿ ಇಂಗ್ಲಿಷ್ ಅಕ್ಷರಗಳ ಪರಿಚಯ ಅವರಿಗಿತ್ತು. ಒಂದೊಂದೇ ಅಕ್ಷರ ಜೋರಾಗಿ ಹೇಳುತ್ತ ಒಂದೇ ಬೆರಳಲ್ಲಿ ಒತ್ತುತ್ತಿದ್ದರು. ಹೆಸರನ್ನು ಹಿಂದಿನಿಂದ ಓದಬೇಕು, ಕೊನೆಯದು ಬೀದಿ, ಅದರ ಹಿಂದಿನದು ಮನೆ, ಮೊದಲನೆಯದು ಮನೆಯೊಳಗಿನ ಕೋಣೆ ಅಂತಲೂ ಹೇಳಿಕೊಟ್ಟಿದ್ದೆ.

ಅವರು ಕಲಿತರು. ಆದರೆ ಚೆಕಿಂಗ್ ಮೇಜಿನ ಒಂದು ಕಾನೂನನ್ನೂ ಅದಕ್ಕೆ ಸೇರಿಸಿಬಿಟ್ಟರು. ಕಾರ್ಖಾನೆಯಲ್ಲಿ ಒಂದು ಬಂಡಲ್ಲಿನಲ್ಲಿ ಒಂದೆರಡು ಪೀಸು ಕೆಟ್ಟಿದ್ದರೆ ಬಾಣ ಹಾಕುತ್ತಾರೆ. ನಾಲ್ಕೈದು ಕೆಟ್ಟಿದ್ದರೆ ಉಳಿದವನ್ನು ನೋಡುವುದೂ ಇಲ್ಲ, ಇಡೀ ಬಂಡಲ್ ವಾಪಸ್. ಓನರಮ್ಮ ನೆಟ್ಟಿನಲ್ಲೂ ಹಾಗೇ ಮಾಡಿದರು. ಒಂದೇ ಮನೆಯ ಮೂರು ಕೋಣೆಯಿಂದ ಜಾಹೀರಾತು ಬಂದರೆ ಆ ಮನೆಗೇ ತಡೆ. ಆ ಮನೆಯ ಬೇರೆ ಕೋಣೆಯಲ್ಲಿ ಪಾಪ ಯಾರು ಏನು ಒಳ್ಳೆ ಕೆಲಸ ಮಾಡುತ್ತಿದ್ದಾರೋ, ಅವರಿಗೆ ಬೇಕಿಲ್ಲ.

ಆಗಾಗ ಏನಾದರೊಂದು ಕೆಡುತ್ತಿತ್ತು. ರೈಲು ಟಿಕೆಟ್ ಪುಟದಲ್ಲಿ ಗುಂಡಿಗಳೇ ಮಾಯ. ನನ್ನ ಮೇಲ್ ಬರೀ ಅಸ್ಥಿಪಂಜರ. ನಾನು ಕೂಗಾಡುತ್ತ ಜಗುಲಿಗೆ ಬಂದರೆ ಅವರು ಕೂತಲ್ಲಿಂದಲೇ ಟ್ಯೂಬ್‌ಲೈಟ್ ಹಾಕಿ, "ಮೊದ್ಲು ಲೈಟ್ ಹಾಕು, ಅಪ್ಪುರಂ ಬಯ್ಯಿ. ಲೈನ್ ಐತಾ? ನಂಬರಿಗೆ ಹೋಯ್ತದಾ? ಹೆಸ್ರಿಗೆ ಹೋಯ್ತದಾ? ಒಂದೊಂದೇ ಹೇಳು," ಅನ್ನುತ್ತಿದ್ದರು. ನಾನೇ ಕಲಿಸಿದ ಪಾಠ ನನಗೇ. ಕಡೆಗೆ ಅವರದೇ ಒಂದು ಬಂಡಲ್ ಸಿಕ್ಕಿಬೀಳುತ್ತಿತ್ತು. ಬಂಡಲ್ ತೆಗೆಯಲು ಮಾತ್ರ ಒಪ್ಪುತ್ತಿರಲಿಲ್ಲ. "ನಾನ್ ರಿಜೆಕ್ಟ್ ಮಾಡಿದ್ ಪೀಸು ಒಂದೂ ವಾಪಸ್ ಪಾಸಾಗಿಲ್ಲ. ಬೇಕಾದ್ರೆ ನಿಂಗೆ ಬೇಕಾದ್ ಕೋಣೆ ಒಂದನ್ ಬುಡ್ತೀನಿ." ಕೋಣೆ ಕೋಣೆಗೂ ಕಾಡಿಬೇಡಿ ಬಿಡಿಸಿಕೊಳ್ಳಬೇಕಾಗಿತ್ತು.

ನಡುವಿನ ಮನೆಯಲ್ಲಿ ಸುಮತಿ ಅಂತ ಹುಡುಗಿ ಇದ್ದಳು. ಅವಳೂ ಆ ಕಡೆಯ ಕನ್ನಡದವಳೇ, ಓನರಮ್ಮನನ್ನು ಅತ್ತೆ ಅನ್ನುತ್ತಿದ್ದಳು. ಗಂಡ ಮುರುಗೇಶ ಮಸ್ಕತ್‌ನ ಬಟ್ಟೆ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರ್. ಇವಳು ಬಸುರಿ ಅಂತ ತಿಳಿಯುವ ಮೊದಲೇ ಅವನು ವಿಮಾನ ಹತ್ತಿದ್ದ. ಹೆಣ್ಣು ಮಗು ಹುಟ್ಟಿತು. ಹೆಸರಿಡುವ ಶಾಸ್ತ್ರ ಪದ್ಧತಿಯ ಪ್ರಕಾರ ತವರಲ್ಲಿ, ಆನೈಮಲೈ ಹತ್ತಿರದ ಹಳ್ಳಿಯಲ್ಲಿ ಆಗಬೇಕು. ಅಲ್ಲಿ ಮೊಬೈಲಿಗೇ ಸಿಗ್ನಲ್ ಇಲ್ಲ. ಓನರಮ್ಮ ನಡುವೆ ಬಾಯಿ ಹಾಕಿದರು: "ಅಪ್ಪ ಮುಖಾನೇ ನೋಡ್ದೆ ಮಗೀಗೆ ಹೆಸ್ರಿಡೋದಾ? ಇಲ್ಲೇ ಮಾಡಿ. ನಮ್ಮನೇಲಿ ನೆಟ್ ಐತೆ, ಅವ್ನು ಅಲ್ಲಿಂದ್ಲೇ ನೋಡಿ ಹೆಸ್ರು ಹೇಳ್ತಾನೆ. ನಾನ್ ಗ್ಯಾರಂಟಿ."

ಸುಮತಿಯ ಮಾವ, ಅಂದರೆ ಮುರುಗೇಶನ ಅಪ್ಪ, ಹಳೆ ಕಾಲದ ಮನುಷ್ಯ. ಪದ್ಧತಿ ಬಿಡುವುದಕ್ಕೆ ಸುತಾರಾಂ ಇಷ್ಟವಿಲ್ಲ. ಆದರೂ ಆ ಗ್ಯಾರಂಟಿ ಅನ್ನುವ ಮಾತಿಗೆ ಒಪ್ಪಿದರು. ಅಷ್ಟರವರೆಗೆ ಮುರುಗೇಶನಿಗೆ ಮಗುವಿನ ಒಂದು ಫೋಟೋ ಸಹ ಹೋಗಿರಲಿಲ್ಲ. ಕಳಿಸಿಕೊಡಲಾ ಅಂತ ನಾನು ಕೇಳಿದ್ದೆ. ಸುಮತಿ ಬೇಡ ಅಂದಳು. "ಮೊದಲ್ನೇ ಸಲ ನೋಡೋದು ಫೋಟೋ ಆಗ್ಬಾರ್ದು ಅಣ್ಣಾ. ಇವ್ಳು ಕಣ್ ಬುಡೋದು, ಆಕಳ್ಸೋದು, ಎಲ್ಲಾ ಒಟ್ಗೇ ನೋಡ್ಲಿ ಅವ್ರು."

ಆ ದಿನ ಬಂತು. ಮುರುಗೇಶನಿಗೆ ಊಟದ ಬಿಡುವು ಮಾತ್ರ. ಅಷ್ಟರಲ್ಲಿ ಬ್ರೌಸಿಂಗ್ ಅಂಗಡಿಗೆ ಓಡಿಬಂದು ಓಡಿಹೋಗಬೇಕು. ಅದಕ್ಕೆ ಹೊಂದುವ ಹಾಗೆ ರಾಹುಕಾಲ ತಪ್ಪಿಸಿ ಮಧ್ಯಾಹ್ನದ ಮುಹೂರ್ತ ಇಟ್ಟಿದ್ದರು. ಬೆಳಗ್ಗೆ ಪೂರ್ತಿ ಕರೆಂಟ್ ಕಟ್ಟು. ಆ ವರ್ಷಗಳಲ್ಲಿ ಅದು ದಿನವೂ ಇದ್ದದ್ದೇ. ಕರೆಂಟು ಬಂದ ಮೇಲೆ ಕಂಪ್ಯೂಟರನ್ನು ಓನರಮ್ಮನ ನಡುಮನೆಗೆ ತಂದು ಮೇಜಿನ ಮೇಲಿಟ್ಟೆ. ಮಾನಿಟರಿನ ತಲೆಯ ಮೇಲೆ ವೆಬ್‌ಕ್ಯಾಮು, ಎದುರಿಗೆ ತೊಟ್ಟಿಲು. ಜಮಖಾನದ ಮೇಲೆ ನೆಂಟರು. ಮಾತಾಡುವ ಪ್ರೋಗ್ರಾಮು ತೆರೆದೆ. ಸುಮ್ಮನೆ ಸುತ್ತುತ್ತಿದೆ. ಒಳಗೇ ಬಿಡುತ್ತಿಲ್ಲ.

ಲೈನ್ ನೋಡಿದೆ, ಇದೆ. ನಂಬರಿಗೆ ಹೋಗುತ್ತದೆ. ಹೆಸರಿಗೆ ಹೋಗುವುದಿಲ್ಲ. ಅಟ್ಟದ ಮೇಲಿನ ಡಬ್ಬಿ ಆ ಹೆಸರಿಗೆ ಅಂಥವರು ಯಾರೂ ಇಲ್ಲ ಅನ್ನುತ್ತಿದೆ. "ಅಮ್ಮಾ, ನಿಮ್ಮ ಬಂಡಲ್ಲು," ಅಂದೆ. ಅವರು ಪಾಯಸದ ಸೌಟು ಹಿಡಿದುಕೊಂಡೇ ಬಂದು, ಯಾವ ಹೆಸರು ಅಂತ ಕೇಳಿ, ಮುಖ ಸಣ್ಣ ಮಾಡಿಕೊಂಡು ಆ ಕೋಣೆ ಬಿಟ್ಟುಕೊಟ್ಟರು. ಒಳಗೆ ಬಿಟ್ಟಿತು. ಆದರೆ ಚಿತ್ರ ಬರುವ ಕೋಣೆ ಬೇರೆ, ಅದಕ್ಕೂ ತಡೆ. ಅದನ್ನು ಬಿಟ್ಟರೆ ಮುಂದೆ ಇನ್ನೊಂದು.

"ಅಮ್ಮ, ಒಂದೊಂದೇ ಹುಡುಕ್ತಾ ಕೂತ್ರೆ ಆಗಲ್ಲ. ಎಲ್ಲಾ ತಡೆ ತೆಗೆದುಬಿಡ್ಲಾ?"

ಅವರು ದನಿ ತಗ್ಗಿಸಿದರು. "ಅವತ್ತು ಅಣ್ಣನ್ ಮುಂದೆ ಕುಣ್ದಳಲ್ಲ, ಅಂಥೋಳು ಇವತ್ತು ಮಾವನ್ ಮುಂದೆ ಬಂದ್ ಕುಣುದ್ರೆ? ಹೆಸ್ರಿಡೋ ಮನೇಲಿ? ಸುಮತಿ ಜನ್ಮೆಲ್ಲ ಮಾತ್ ಕೇಳ್ಬೇಕು."

ಅದೂ ನಿಜವೇ. ಆ ಪ್ರೋಗ್ರಾಮಿನ ಕಿಟಕಿಯ ಎಡಗಡೆ ಉದ್ದಕ್ಕೆ ಒಂದು ಜಾಹೀರಾತಿನ ಪಟ್ಟಿ ಇರುತ್ತಿತ್ತು. ಅದರಲ್ಲಿ ಯಾರು ಯಾವಾಗ ಪ್ರತ್ಯಕ್ಷ ಆಗುತ್ತಾರೋ ದೇವರಿಗೇ ಗೊತ್ತು. ಸರಿ, ಇನ್ನೊಂದು ಹೆಸರು ಹಿಡಿದೆ. ಬಿಡಿಸಿದೆ. ಮತ್ತೆ ನಿಂತಿತು. ಹಿಂದೆ ಮಾವ ಗಂಟಲು ಸರಿಮಾಡಿಕೊಂಡರು. "ಏನಮ್ಮಾ, ಗ್ಯಾರಂಟಿ ಅಂದ್ರಿ. ಹೊತ್ತು ಮೀರ್ತಾ ಐತೆ. ಹೆಸ್ರು ನಾನೇ ಹೇಳ್ಬುಡ್ತೀನಿ, ಮುಗ್ಸಿ."

ಸುಮತಿಯ ಮೊಬೈಲ್ ಬಡಿದುಕೊಂಡಿತು. ಮುರುಗೇಶ. ಅಂಗಡಿಯಲ್ಲಿ ಕೂತಿದ್ದಾನೆ. "ಏನೂ ಕಾಣ್ತಿಲ್ವಲ್ಲ, ನಂದೇ ತಪ್ಪಾ?" ಅನ್ನುವುದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಸುಮತಿ ಫೋನನ್ನು ಕಿವಿಗೊತ್ತಿಕೊಂಡು, "ಇಲ್ಲ ಇಲ್ಲ, ಈಗ್ ಬಂದ್‌ಬುಡ್ತದೆ, ಎದ್ದೋಗ್ಬೇಡಿ," ಅನ್ನುತ್ತ ಓನರಮ್ಮನ ಕಡೆ ನೋಡಿದಳು.

ಓನರಮ್ಮ ಸೌಟನ್ನು ಯಾರದೋ ಕೈಗೆ ಕೊಟ್ಟರು. "ತಂಬಿ, ಎಲ್ಲಾನೂ ತೆಗಿ."

"ಎಲ್ಲಾನೂ?"

"ನಾನ್ ರಿಜೆಕ್ಟ್ ಮಾಡಿದ್ದು, ನೀನ್ ಮಾಡಿದ್ದು, ಒಂದೂ ಬುಡ್ದಂಗೆ ತೆಗಿ. ಬರೋರೆಲ್ಲ ಬರ್ಲಿ. ನಾನ್ ನೋಡ್ಕೋತೀನಿ."

ಮನೆಯ ಡಬ್ಬಿಯನ್ನು ಬಿಟ್ಟು ನೇರ ನೆಟ್ ಕಂಪನಿಯವರ ಡಿಎನ್‌ಎಸ್‌ಗೇ ಕೇಳು ಅಂತ ಕಂಪ್ಯೂಟರಿಗೆ ಹೇಳಿದೆ. ಆದರೂ ಬರಲಿಲ್ಲ. ಆಮೇಲೆ ಹೊಳೆಯಿತು. ಇಲ್ಲಿಯವರೆಗೆ ಕೇಳಿದ ಸುಳ್ಳು ಉತ್ತರಗಳನ್ನೆಲ್ಲ ಈ ಕಂಪ್ಯೂಟರು ನೆನಪಿಟ್ಟುಕೊಂಡು ಕೂತಿದೆ, ಹೊಸದಾಗಿ ಕೇಳುತ್ತಲೇ ಇಲ್ಲ. ಆರಿಸಿ ಹಚ್ಚಿದೆ. ಆ ಕಾಲದ ಕಂಪ್ಯೂಟರು ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಒಂದು ಕಾಫಿ ಕುಡಿಯಬಹುದಿತ್ತು. ಮಾವ ಗಡಿಯಾರ ನೋಡುತ್ತಿದ್ದರು. ಸುಮತಿಯ ತಾಯಿ ಕಣ್ಣು ಮುಚ್ಚಿ ತಮ್ಮೂರ ಕಡೆಯ ದೇವತೆ ಮಾಸಾಣಿಯಮ್ಮನ ಹೆಸರು ಹೇಳುತ್ತಿದ್ದರು.

ಬಂತು. ಮೊದಲು ಬಂದದ್ದು ಜಾಹೀರಾತೇ. ಎಡಗಡೆಯ ಪಟ್ಟಿಯಲ್ಲಿ ಒಬ್ಬಳು ಭುಜ ಕುಣಿಸುತ್ತ ಕಣ್ಣು ಹೊಡೆಯಲು ಶುರು ಮಾಡಿದಳು. ನೆಂಟರ ಕಣ್ಣಿಗೆ ಅವಳು ಬೀಳುವ ಮೊದಲೇ ಓನರಮ್ಮ ಅಡುಗೆ ಮನೆಯಿಂದ ಮೊರ ತಂದಾಗಿತ್ತು. ಎದುರಿಗೆ ನಿಂತರೆ ಕ್ಯಾಮೆರಾಕ್ಕೆ ಅಡ್ಡ. ಹಾಗಾಗಿ ಮೇಜಿನ ಹಿಂದೆ ಗೋಡೆಗೊತ್ತಿಕೊಂಡು ನಿಂತು, ಆ ದಪ್ಪ ಮಾನಿಟರಿನ ಪಕ್ಕದಿಂದ ಕೈ ಚಾಚಿ, ಪರದೆಯ ಎಡಭಾಗಕ್ಕೆ ಮೊರ ಅಡ್ಡ ಹಿಡಿದರು. ಭುಜ ಕುಣಿಸುವವಳು ಮೊರದ ಹಿಂದೆ ಹೋದಳು. ಬಲಗಡೆ ಬೂದು ಚೌಕದೊಳಗೆ ಒಂದು ಮುಖ ಮೂಡಿತು.

ಮುರುಗೇಶ ಗಡ್ಡ ಬಿಟ್ಟಿದ್ದ. ಚಿತ್ರ ತಡೆದು ತಡೆದು ಬರುತ್ತಿತ್ತು. ಸುಮತಿ ಮಗುವನ್ನು ಎತ್ತಿ ಕ್ಯಾಮೆರಾದ ಎದುರಿಗೆ ಹಿಡಿದಳು. ಅವನು ಮುಂದಕ್ಕೆ ಬಗ್ಗಿದ, ಹಣೆ ಮಾತ್ರ ಕಾಣಿಸಿತು. ಹಿಂದೆ ಸರಿದ. ಆ ಅಂಗಡಿಯಲ್ಲಿ ಪಕ್ಕದಲ್ಲಿ ಕೂತವರು ಯಾರೋ ಇಬ್ಬರು ಇಣುಕಿ ನೋಡಿ, ಅವನ ಬೆನ್ನು ತಟ್ಟಿ ನಕ್ಕರು. ಮಗು ಆಗ ಸರಿಯಾಗಿ ಆಕಳಿಸಿತು, ಇಷ್ಟಗಲ ಬಾಯಿ ತೆರೆದು. ಅವನೂ ಬಾಯಿ ತೆರೆದ. ಈ ಕಡೆ ಮಾವನ ಬಾಯಿಯೂ ತೆರೆದಿತ್ತು.

"ಬಲ್ಗಡೆ ಕಿವಿ ಅಮ್ಮಾ, ಬಲ್ಗಡೆ ಕಿವಿ," ಅಂತ ಸುಮತಿಯ ತಾಯಿ ನೆನಪಿಸಿದರು. ಸುಮತಿ ಮಗುವಿನ ಬಲಗಿವಿಯನ್ನು ಸ್ಪೀಕರಿನ ಹತ್ತಿರ ತಂದಳು. ಮುರುಗೇಶ ಹೆಸರು ಹೇಳಿದ. ಮೊದಲ ಸಲ ಅರ್ಧಕ್ಕೇ ನಿಂತಿತು. ಮತ್ತೆ ಹೇಳಿದ. ಮೂರನೇ ಸಲ ಹೇಳುವಾಗ ಕೋಣೆಯಲ್ಲಿದ್ದವರೆಲ್ಲ ಜೊತೆ ಸೇರಿಕೊಂಡರು, ಮಾವನ ದನಿ ಎಲ್ಲರಿಗಿಂತ ಗಟ್ಟಿ.

"ಅತ್ತೆ ಎಲ್ಲಿ? ಅತ್ತೇನ ತೋರ್ಸು," ಅಂದ ಮುರುಗೇಶ. ಅವನಿಗೂ ಓನರಮ್ಮ ಅತ್ತೆಯೇ.

ಮಾನಿಟರಿನ ಹಿಂದಿನಿಂದ ಬೈಗುಳ ಬಂತು. "ಏಯ್, ನನ್ ಮೂತಿ ನೀನ್ ನೋಡಿಲ್ವಾ? ಬಿಡುವು ಮುಗೀತದೆ. ಮಗೀನ ನೋಡು."

ಅವನು ನೋಡಿದ. ಬಿಡುವು ಮುಗಿಯುವ ತನಕ ನೋಡಿದ. ನಾನು ಎರಡು ಸಲ ಎದ್ದು ಹೋಗಿ, "ಅಮ್ಮಾ, ಕೊಡಿ ಇಲ್ಲಿ, ನಾನು ಹಿಡೀತೀನಿ, ನೀವು ಈ ಕಡೆ ಬಂದು ನೋಡಿ," ಅಂದೆ. ಮೊರ ಕೊಡಲಿಲ್ಲ. "ನೀನ್ ಹಿಡುದ್ರೆ ಸಂದೀಲಿ ಇಣುಕ್ತಾಳೆ ಅವ್ಳು. ಹೋಗು."

ಚೌಕ ಮತ್ತೆ ಬೂದುಬಣ್ಣಕ್ಕೆ ತಿರುಗಿತು. ನೆಂಟರು ಎದ್ದು ಊಟದ ಕಡೆ ಹೋದರು. ಓನರಮ್ಮ ಮೊರ ಕೆಳಗಿಟ್ಟು, ಮರಗಟ್ಟಿದ ಕೈಯನ್ನು ಇನ್ನೊಂದು ಕೈಯಿಂದ ನೀವಿಕೊಳ್ಳುತ್ತ ಗೋಡೆಗೊರಗಿ ಕೂತರು. ಅಷ್ಟು ಹೊತ್ತು ಅವರು ಪರದೆಯ ಬೆನ್ನನ್ನು ಬಿಟ್ಟು ಏನೂ ನೋಡಿರಲಿಲ್ಲ. ನಾನು ಪಕ್ಕದಲ್ಲಿ ಕೂತು, ಮುರುಗೇಶನ ಮುಖ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು, ಮಗು ಆಕಳಿಸಿದಾಗ ಏನು ಮಾಡಿದ ಅಂತ ವಿವರಿಸಲು ಹೊರಟೆ. ಎರಡು ಮಾತು ಆಡುವಷ್ಟರಲ್ಲಿ ತಡವರಿಸಿದೆ.

"ಬುಡು ತಂಬಿ," ಅಂದರು ಓನರಮ್ಮ. "ನಿಮ್ಮೆಲ್ಲಾರ್ ಮುಖ ನಾನ್ ನೋಡ್ತಾ ಇದ್ನಲ್ಲ."